ಜಮಖಾನ ಕಾಣೆಯಾದ ಭಾನುವಾರ

ನಾನೊಮ್ಮೆ ನದಿಯನ್ನೇ ಇಸ್ತ್ರಿ ಮಾಡಿದ್ದೇನೆ. ಈ ದಡದಿಂದ ಆ ದಡಕ್ಕೆ ಒಂದೇ ಎಳೆತ; ಒಂದು ಅಲೆ ಉಳಿಯಲಿಲ್ಲ. ಸಂಜೆಯವರೆಗೂ ನೀರು ಮಡಿಕೆ ಮುರಿಯದೆ ಮಲಗಿತ್ತು. ಮೀನುಗಳು ಸಾಲಾಗಿ ಬಂದು, ಇಷ್ಟು ನುಣುಪಾದರೆ ನಾವು ಈಜುವುದು ಹೇಗೆ ಎಂದು ನನ್ನನ್ನೇ ಕೇಳಿದವು. ಅಂಥ ಕೈಯವನ ಲಾಂಡ್ರಿಯಲ್ಲಿ, ಹಾಡಹಗಲು, ಕೌಂಟರಿನ ಕಾಲಿಗೆ ಕಟ್ಟಿದ್ದ ನಾಯಿ ಕಾಣೆಯಾಯಿತು ಎಂದರೆ ಸಿಟ್ಟು ಬರುತ್ತದೋ ಇಲ್ಲವೋ?

ಬಂತು. ಬಾಯ್ಲರಿಗೆ ಬೆಂಕಿಯೇ ಬೇಡ, ಪಕ್ಕದಲ್ಲಿ ನನ್ನನ್ನು ನಿಲ್ಲಿಸಿದರೆ ಸಾಕು ಅನ್ನುವಷ್ಟು ಬಂತು.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಳ್ಳ ಯಾರೆಂದು ಎಲ್ಲರಿಗಿಂತ ಮುಂಚೆ ತಿಳಿದಿದ್ದವನು ನಾನೇ. ಚಿಕ್ಕಮ್ಮ ಸುಮ್ಮನೆ ಪಕ್ಕದಲ್ಲಿ ಕೂತು ಗುಂಡಿ ಹೊಲಿಯುತ್ತಿದ್ದಳು, ಅಷ್ಟೇ.

ಬೆಳಿಗ್ಗೆ ಹತ್ತೂ ಇಪ್ಪತ್ತು. ಕೌಂಟರಿನ ಕಾಲಿಗೆ ಹಗ್ಗ ಇತ್ತು. ಕೌಂಟರಿನ ಮೇಲೆ, ಟೈಗಳು ಸೊಂಟಪಟ್ಟಿಗಳು ಬಿದ್ದಿದ್ದ ತಟ್ಟೆಯಲ್ಲಿ, ನೀಲಿ ಬಟ್ಟೆಯ ಕೊರಳಪಟ್ಟಿ ಇತ್ತು — ನನ್ನ ಅಂಗಡಿಯ ಎಲ್ಲ ಸಾಮಾನಿನ ಹಾಗೆ ನಂಬರು ಚೀಟಿ ಚುಚ್ಚಿಕೊಂಡು, ಅಚ್ಚುಕಟ್ಟಾಗಿ. ನಾಯಿ ಮಾತ್ರ ಇರಲಿಲ್ಲ.

"ಜಮಖಾನ ಎಲ್ಲಿ?" ಗಾಜಿನವನು ಕೇಳಿದ.

ಗಾಜಿನವನೆಂದರೆ ಕಿಟಕಿಗಳಿಗೆ ಗಾಜು ಕತ್ತರಿಸಿ ಕೂರಿಸುವವನು. ಹತ್ತು ಬೆರಳಲ್ಲಿ ಹನ್ನೊಂದಕ್ಕೆ ಬ್ಯಾಂಡೇಜು. ಜಮಖಾನ ಅವನ ನಾಯಿ. ಎಲ್ಲಿ ಬಿಟ್ಟರೂ ನಾಲ್ಕು ಕಾಲೂ ಚಾಚಿ ನೆಲಕ್ಕೆ ಹಾಸಿಕೊಳ್ಳುವುದರಿಂದ ಆ ಹೆಸರು. ಅವನ ನಾಯಿ ಅಂದೆನಲ್ಲ, ಅರ್ಧ ನಾಯಿ. ಇನ್ನರ್ಧ ಹಲ್ಲಿನವಳದು. ಅವಳು ದಂತವೈದ್ಯರಿಗೆ ಕಟ್ಟುಹಲ್ಲು ಮಾಡಿಕೊಡುವವಳು. ಎದುರಿಗೆ ಯಾರು ಬಂದರೂ ಕಣ್ಣು ನೋಡುವುದಿಲ್ಲ, ಬಾಯಿ ನೋಡುತ್ತಾಳೆ. ಇಬ್ಬರೂ ಆರು ವರ್ಷ ಒಂದೇ ಮನೆಯಲ್ಲಿದ್ದರು. ಒಂದೂವರೆ ವರ್ಷದ ಹಿಂದೆ ಬೇರೆಯಾದರು. ಕಪಾಟು ಹಂಚಿಕೊಂಡರು, ಕುರ್ಚಿ ಹಂಚಿಕೊಂಡರು, ಪಾತ್ರೆ ಹಂಚಿಕೊಂಡರು. ನಾಯಿ ಉಳಿಯಿತು.

ಕೊನೆಗೆ ಒಂದು ಕರಾರಾಯಿತು. ಒಂದು ವಾರ ಅವಳ ಮನೆ, ಒಂದು ವಾರ ಅವನ ಮನೆ. ಭಾನುವಾರ ಹತ್ತಕ್ಕೆ ಒಬ್ಬರು ನನ್ನ ಕೌಂಟರಿನ ಕಾಲಿಗೆ ಕಟ್ಟಿ ಹೋಗುವುದು. ಹತ್ತೂವರೆಗೆ ಇನ್ನೊಬ್ಬರು ಬಂದು ಬಿಚ್ಚಿಕೊಂಡು ಹೋಗುವುದು. ಮುಖ ನೋಡುವಂತಿಲ್ಲ, ಫೋನು ಮಾಡುವಂತಿಲ್ಲ. ನಾಯಿಯ ಬಗ್ಗೆ ಏನಾದರೂ ಹೇಳುವುದಿದ್ದರೆ ನನಗೆ ಹೇಳುವುದು, ನಾನು ದಾಟಿಸುವುದು. ಎರಡು ದೇಶಗಳ ನಡುವಿನ ರಾಯಭಾರಿ ಕೂಡ ಅಷ್ಟು ಕೆಲಸ ಮಾಡಿರಲಾರ.

"ಹತ್ತಕ್ಕೆ ಅವಳು ಕಟ್ಟಿ ಹೋದಳು," ಅಂದೆ. "ಹತ್ತೂ ಹತ್ತಕ್ಕೆ ನಾನು ಹಿಂದೆ ಬಾಯ್ಲರ್ ನೋಡೋಕೆ ಹೋದೆ. ಬಂದು ನೋಡಿದ್ರೆ ಹಗ್ಗ ಮಾತ್ರ."

"ಅವಳೇ ಬಂದು ಬಿಚ್ಚಿಕೊಂಡು ಹೋಗಿದಾಳೆ. ನನಗೆ ಕೊಡಬಾರದು ಅಂತ."

"ಯಾರು ಬಿಚ್ಚಿಕೊಂಡು ಹೋಗಿದ್ದು?"

ಬಾಗಿಲಲ್ಲಿ ಹಲ್ಲಿನವಳು ನಿಂತಿದ್ದಳು. ಕೈಯಲ್ಲಿ ಔಷಧಿ ಅಂಗಡಿಯ ಕಾಗದದ ಚೀಲ. ಒಂದೂವರೆ ವರ್ಷದ ನಂತರ ಇಬ್ಬರೂ ಮುಖಾಮುಖಿ. ನನ್ನ ಅಂಗಡಿಯ ಕನ್ನಡಿ ಬಿರುಕು ಬಿಡಲಿಲ್ಲವೆಂದರೆ ಅದು ಕನ್ನಡಿಯ ಪುಣ್ಯ.

"ನಾಯಿ ಎಲ್ಲಿ ಬಚ್ಚಿಟ್ಟೆ?" ಅವನು.

"ನಾನು ಬಚ್ಚಿಟ್ಟೆನಾ? ನೀನು ಬೇಗ ಬಂದು ಎತ್ತಿಕೊಂಡು ಹೋಗಿ ಗಾಡಿಯಲ್ಲಿ ಹಾಕಿ, ಈಗ ಕೈ ಬೀಸಿಕೊಂಡು ಬಂದು ನಾಟಕ ಆಡ್ತಿದೀಯ."

"ನನ್ನ ಗಾಡಿ ರಿಪೇರಿಗೆ ಹೋಗಿ ನಾಲ್ಕು ದಿನ ಆಯ್ತು."

"ನನಗೇನು ಗೊತ್ತು? ನಿನ್ನ ಸುದ್ದಿ ನನಗೆ ಬರೋದು ಬೈಗುಳದಲ್ಲಿ ಮಾತ್ರ." ಅವಳು ಚೀಲವನ್ನು ಕೌಂಟರಿನ ಮೇಲೆ ಕುಕ್ಕಿದಳು. "ಮಧ್ಯಾಹ್ನದ ಮಾತ್ರೆ ಮುಗಿದಿತ್ತು. ತರೋಕೆ ಹೋಗಿದ್ದೆ. ಹನ್ನೆರಡಕ್ಕೆ ಕೊಡಬೇಕು. ತಪ್ಪಿದ್ರೆ ಅದರ ಎದೆಯಲ್ಲಿ ನೀರು ತುಂಬುತ್ತೆ. ಗೊತ್ತಿದೆ ತಾನೇ? ಇಲ್ಲಾ ಅದೂ ಮರೆತುಹೋಯ್ತಾ?"

ಮಾತ್ರೆ ಪ್ರತಿ ವಾರ ನಾಯಿಯ ಜೊತೆ ಬರುವ ಚೀಲದಲ್ಲೇ ಇರುತ್ತದೆಂದು ನಾನು ತಿಳಿದಿದ್ದೆ. ಜಮಖಾನನಿಗೆ ಹನ್ನೆರಡು ವರ್ಷ, ಹೃದಯ ಊದಿಕೊಂಡಿತ್ತು. ಕಿವಿ ಕೇಳಿಸದು. ಈಗ ಗಂಟೆ ಹತ್ತೂವರೆ.

"ನನಗೆ ಮರೆವಾ?" ಗಾಜಿನವನ ದನಿ ಏರಿತು. "ನನ್ನ ಬುದ್ಧಿಗೆ ಎಷ್ಟು ಗಂಜಿ ಹಾಕಿದ್ರೂ ನೆಟ್ಟಗೆ ನಿಲ್ಲಲ್ಲ ಅಂತ ಹೇಳಿ ಕಳಿಸಿದವಳು ನೀನು."

"ನೀನೇನು ಕಡಿಮೆನಾ? ಅವಳ ಮನಸ್ಸಿನ ಸುಕ್ಕಿಗೆ ಏಳು ಇಸ್ತ್ರಿ ಪೆಟ್ಟಿಗೆ ಸಾಲದು ಅಂದ್ಯಂತೆ."

"ಬಣ್ಣ ಬಿಡೋ ಬಟ್ಟೆ ಥರದ ಮನುಷ್ಯ, ಯಾರ ಜೊತೆ ಹಾಕಿದ್ರೂ ಅವರನ್ನೂ ಹಾಳು ಮಾಡ್ತಾನೆ — ಇದು ಯಾರ ಮಾತು?"

"ನನ್ನದಲ್ಲ."

"ನಿನ್ನದೇ."

"ಸ್ವಲ್ಪ ದಾರಿ ಬಿಡಿ," ಎಂದು ಇಬ್ಬರ ನಡುವೆ ತೂರಿಕೊಂಡು ಚಿಕ್ಕಮ್ಮ ಒಳಗೆ ಬಂದಳು. ಎಷ್ಟು ಹೊತ್ತಿನಿಂದ ಹೊರಗೆ ನಿಂತು ಕೇಳಿಸಿಕೊಂಡಿದ್ದಳೋ.

ಚಿಕ್ಕಮ್ಮ ಮೂವತ್ತೊಂದು ವರ್ಷ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿದವಳು. ನಿವೃತ್ತಿಯಾದ ಮೇಲೆ ಭಾನುವಾರ ನನ್ನ ಅಂಗಡಿಗೆ ಬಂದು ಗಿರಾಕಿಗಳ ಅಂಗಿಗೆ ಗುಂಡಿ ಹೊಲಿಯುತ್ತಾಳೆ. ಅವಳ ಕನ್ನಡಕ ಮೂಗಿನ ತುದಿಗೆ ಇಳಿದರೆ ಟಿಕೆಟ್ ಇದ್ದವರೂ ಜೇಬು ತಡಕುತ್ತಾರೆ. ಅವಳು ಸ್ಟೂಲಿನ ಮೇಲೆ ಕೂತಳು. ಮಾತ್ರೆಯ ಚೀಲ ಎತ್ತಿ ಮಡಿಲಲ್ಲಿಟ್ಟುಕೊಂಡಳು. ಸೂಜಿಗೆ ದಾರ ಪೋಣಿಸಿದಳು.

"ಕಿರುಚಿದ್ರೆ ನಾಯಿ ಬರಲ್ಲ. ಅದಕ್ಕೆ ಕಿವುಡು," ಅಂದಳು. "ಒಬ್ಬೊಬ್ಬರೇ ಹೇಳಿ. ನೀನು ಮೊದಲು, ತಾಯಿ. ಹತ್ತಕ್ಕೆ ಕಟ್ಟಿದೆ. ಆಮೇಲೆ?"

"ಔಷಧಿ ಅಂಗಡಿಗೆ ಹೋದೆ. ಮುಂದಿನ ಬೀದಿ. ಮೂರು ಜನ ಮುಂದೆ ಇದ್ರು. ರಶೀದಿಯಲ್ಲಿ ಸಮಯ ಇದೆ, ನೋಡಿ. ಹತ್ತೂ ಹದಿನೆಂಟು."

"ವಾಪಸ್ ಯಾಕೆ ಬಂದೆ? ಕಟ್ಟಿ ಹೋಗೋದು ತಾನೇ ಪದ್ಧತಿ?"

"ಇವತ್ತು ಇವನ ಹತ್ತಿರ ನಾನೇ ಮಾತಾಡಬೇಕಿತ್ತು. ಹೋದ ವಾರವೇ ಹೇಳಿ ಕಳಿಸಿದ್ದೆ."

"ಜಗಳಕ್ಕೆ ಬರ್ತಾಳೆ, ತಯಾರಾಗಿರು ಅಂತ ಸುದ್ದಿ ಬಂತು ನನಗೆ," ಗಾಜಿನವನು ಹಲ್ಲು ಕಡಿದ. "ಬಂದೆ, ತಯಾರಾಗೇ ಬಂದೆ."

"ನಿನ್ನನ್ನ ಕೇಳಿದಾಗ ಮಾತಾಡು. ನೀನು ಹೇಗೆ ಬಂದೆ?"

"ಬಸ್ಸಲ್ಲಿ. ಹತ್ತೂ ಹದಿನೈದಕ್ಕೆ ಇಳಿದೆ. ನಡೆದು ಬಂದೆ."

"ಹಂ." ಚಿಕ್ಕಮ್ಮ ದಾರ ಕಚ್ಚಿದಳು. "ಇನ್ಯಾರು ಇದ್ರು ಇಲ್ಲಿ?"

ಅದು ನನ್ನನ್ನು ಕೇಳಿದ್ದು. ಬುದ್ಧಿವಂತನಿಗೆ ಅವಕಾಶ ಬಂದಾಗ ಬಿಡಬಾರದು. ನಾನು ಬಾಗಿಲ ಕಡೆ ಕಣ್ಣು ಹೊರಳಿಸಿ, ದನಿ ತಗ್ಗಿಸಿದೆ.

"ವ್ಯಾನಿನವನು. ಹೋಟೆಲಿನ ಬೆಡ್‌ಶೀಟು ಗಂಟು ಹೊರ್ತಾ ಇದ್ದ. ಎಂಟುನೂರು ಬೆಡ್‌ಶೀಟು. ಅಂಥ ಗಂಟಲ್ಲಿ ಆನೆ ಹಾಕಿಕೊಂಡು ಹೋದ್ರೂ ತಿಳಿಯಲ್ಲ. ಹಿಂದೊಂದ್ಸಲ ಜಮಖಾನ ಅವನ ಚಪ್ಪಲಿ ಕಡಿದಿತ್ತು..."

ನಾನು ತಗ್ಗಿಸಿದ ದನಿ ಮೂರು ಬೀದಿಗೆ ಕೇಳುತ್ತದೆ. ಹೊರಗೆ ಬೀಡಿ ಸೇದುತ್ತಿದ್ದ ವ್ಯಾನಿನವನು ಒಳಗೆ ಬಂದ. ನನ್ನನ್ನೇ ನೋಡಿದ. ತಿರುಗಿ ಹೋದ. ವ್ಯಾನಿನ ಹಿಂಬಾಗಿಲು ದಡಾರೆಂದು ತೆರೆಯಿತು.

ಒಂದು ಗಂಟು ಫುಟ್‌ಪಾತಿನ ಮೇಲೆ ಬಿತ್ತು. ಗಂಟು ಬಿಚ್ಚಿದ. ಬೆಳ್ಳನೆಯ ಬೆಡ್‌ಶೀಟು ಹಿಡಿದು ಕೊಡವಿದ — ಬಿಸಾಡಿದ. ಇನ್ನೊಂದು. ಮತ್ತೊಂದು. ನಾನು ಎರಡು ದಿನ ಬೆನ್ನು ಬಗ್ಗಿಸಿ ಮಡಚಿದ್ದ ಬಟ್ಟೆ ಚರಂಡಿಯ ಅಂಚಿಗೆ ಹಾರಿ ಹಾರಿ ಬಿದ್ದಿತು. ದಾರಿಹೋಕರು ನಿಂತರು.

"ನಾಯಿ ಇದೆಯಾ ಇದರಲ್ಲಿ?" ಒಂದೊಂದಕ್ಕೂ ಕೇಳಿದ. "ಇದರಲ್ಲಿ? ಇದರಲ್ಲಿ? ಒಂಬತ್ತು ವರ್ಷದಿಂದ ನಿನ್ನ ಗಂಟು ಹೊತ್ತಿದೀನಿ. ಒಂದು ಟವೆಲ್ ಕಡಿಮೆ ಬಿದ್ದಿದೆಯಾ? ಹೇಳು."

"ಎಷ್ಟಿತ್ತಪ್ಪಾ ಒಟ್ಟು?" ಕೊನೆಯ ಗಂಟು ಬಿಚ್ಚುವ ಹೊತ್ತಿಗೆ, ಹನ್ನೊಂದೂವರೆಗೆ, ಚಿಕ್ಕಮ್ಮ ಕೂತಲ್ಲಿಂದಲೇ ಕೇಳಿದಳು.

"ಅರವತ್ತು."

"ಎಂಟುನೂರಲ್ಲ?"

"ನಿಮ್ಮ ಮಗನ ಬಾಯಲ್ಲಿ ಎಂಟುನೂರು. ಹೋಟೆಲಲ್ಲಿ ಮೂವತ್ತು ಮಂಚ."

"ನೀನು ಎಷ್ಟು ಹೊತ್ತಿಂದ ಮುಂಬಾಗಿಲಲ್ಲಿ ಇದೀಯ?"

"ಹತ್ತಕ್ಕೆ ಬಂದೆ. ಆ ಯಮ್ಮ ನಾಯಿ ಕಟ್ಟಿ ಹೋಗಿದ್ದು ನೋಡಿದೀನಿ, ಈ ಸಾಹೇಬ್ರು ಬಂದಿದ್ದು ನೋಡಿದೀನಿ. ಮಧ್ಯದಲ್ಲಿ ಒಂದು ನೊಣ ಹೊರಗೆ ಬಂದಿಲ್ಲ. ನಾಯಿ ಬಂದಿದ್ರೆ ನಾನು ಮೊದಲು ಚಪ್ಪಲಿ ಬಿಚ್ಚಿ ಕೈಲಿ ಹಿಡ್ಕೋತಿದ್ದೆ."

ಗಾಜಿನವನು ನಕ್ಕುಬಿಡುವವನಿದ್ದ, ಹಲ್ಲಿನವಳನ್ನು ನೋಡಿ ನುಂಗಿಕೊಂಡ.

ಚಿಕ್ಕಮ್ಮ ಎದ್ದಳು. ಹಿಂಬಾಗಿಲಿಗೆ ಹೋಗಿ ಬಂದಳು. "ಒಳಗಿಂದ ಚಿಲಕ. ಅದರ ಮುಂದೆ ಕೋಟು ನೇತು ಹಾಕೋ ಗಾಡಿ. ಅದನ್ನ ಸರಿಸಿದ್ರೆ ಕಿರ್ ಅಂತ ಊರಿಗೆಲ್ಲ ಕೇಳುತ್ತೆ. ಸರಿಸಿಲ್ಲ." ಮತ್ತೆ ಕೂತಳು. "ಅಂದ್ರೆ ನಾಯಿ ಹೊರಗೆ ಹೋಗಿಲ್ಲ."

"ಹಾಗಾದ್ರೆ ಹುಡುಕೋಣ," ಹಲ್ಲಿನವಳು ಮುಂದೆ ಬಂದಳು.

"ಹುಡುಕೋದು ಬೇಡ. ಇಟ್ಟವರೇ ತಂದುಕೊಡ್ತಾರೆ. ಹನ್ನೊಂದೂ ಮುಕ್ಕಾಲು ಆಯ್ತು, ಇನ್ನೇನು ತರ್ತಾರೆ."

ಚಿಕ್ಕಮ್ಮ ಮಾತ್ರೆಯ ಚೀಲವನ್ನು ಮಡಿಲಿಂದ ತೆಗೆದು ಕೌಂಟರಿನ ನಡುವೆ ಇಟ್ಟಳು. ನಾನು ಗಡಿಯಾರ ನೋಡಿದೆ. ಚೀಲ ನೋಡಿದೆ. ಮಹಡಿಯ ಮೆಟ್ಟಿಲು ನೋಡಲಿಲ್ಲ — ನೋಡಬಾರದೆಂದು ಕತ್ತು ಬಿಗಿ ಹಿಡಿದೆ.

"ಟಿಕೆಟ್ ಇಲ್ಲದವನು ನನ್ನನ್ನ ನೋಡ್ತಿರಲಿಲ್ಲ," ಚಿಕ್ಕಮ್ಮ ಗುಂಡಿಗೆ ಗಂಟು ಹಾಕುತ್ತ ಯಾರಿಗೋ ಹೇಳುವವಳ ಹಾಗೆ ಹೇಳಿದಳು. "ಬಾಗಿಲು ನೋಡ್ತಿದ್ದ. ಇನ್ನೂ ಸ್ವಲ್ಪ ಜಾಣನಾದ್ರೆ ಬಾಗಿಲನ್ನೂ ನೋಡ್ತಿರಲಿಲ್ಲ, ಕತ್ತು ಕಲ್ಲು ಮಾಡಿಕೊಂಡು ಕೂರ್ತಿದ್ದ. ಏನೋ, ಕತ್ತು ನೋವಾ?"

"ಇಲ್ಲ ಚಿಕ್ಕಮ್ಮ."

"ಆ ಕೊರಳಪಟ್ಟಿ ಕೊಡು ಇಲ್ಲಿ."

ಕೊಟ್ಟೆ. ಅವಳು ಅದನ್ನು ಬೆಳಕಿಗೆ ಹಿಡಿದಳು.

"ನೀಲಿ ಪಟ್ಟಿ. ಒಂದು ಗುಂಡುಸೂಜಿ. ಒಂದು ಚೀಟಿ, ನಂಬರು ನಾಲ್ಕುನೂರ ಹದಿನೇಳು. ಇದನ್ನ ನಾವೆಲ್ಲ ಒಂದು ಗಂಟೆಯಿಂದ ನೋಡ್ತಾ ಇದೀವಿ. ಯಾರಿಗೂ ಕಾಣಲಿಲ್ಲ. ಯಾಕೆ? ಈ ಅಂಗಡಿಯಲ್ಲಿ ಎಲ್ಲದಕ್ಕೂ ಚೀಟಿ ಇರುತ್ತೆ. ಪರದೆಗೆ ಇರುತ್ತೆ, ಪ್ಯಾಂಟಿಗೆ ಇರುತ್ತೆ, ಕರವಸ್ತ್ರಕ್ಕೆ ಇರುತ್ತೆ. ತಾಯಿ, ನೀನು ಬೆಳಿಗ್ಗೆ ನಾಯಿ ಕಟ್ಟಿದಾಗ ಪಟ್ಟಿ ಎಲ್ಲಿತ್ತು?"

"ನಾಯಿ ಕೊರಳಲ್ಲಿ."

"ಚೀಟಿ?"

"ಇರಲಿಲ್ಲ."

"ಒಗೆಯೋಕೆ ಅಂತ ಬಿಚ್ಚಿ ಕೊಟ್ಟೆಯಾ?"

"ಇಲ್ಲ. ಅದನ್ನ ಒಗೆಯೋದೇ ಇಲ್ಲ."

"ಹಾಗಾದ್ರೆ ಪಟ್ಟಿ ಬಿಚ್ಚಿದವನು ಯಾರೋ, ಚೀಟಿ ಚುಚ್ಚಿದವನೂ ಅವನೇ. ಕಳ್ಳತನ ಮಾಡಿ ನಂಬರು ಹಾಕಿ ಇಟ್ಟು ಹೋಗೋ ಕಳ್ಳನನ್ನ ನನ್ನ ಸರ್ವೀಸಲ್ಲಿ ನೋಡಿರಲಿಲ್ಲ. ಗಾಜಿನವನು ಹಾಕ್ತಾನಾ? ಇಲ್ಲ. ಹಲ್ಲಿನವಳು? ಇಲ್ಲ. ವ್ಯಾನಿನವನು? ಅವನಿಗೆ ಗುಂಡುಸೂಜಿ ಎಲ್ಲಿದೆ ಅಂತಾನೂ ಗೊತ್ತಿಲ್ಲ. ಇಪ್ಪತ್ತೆರಡು ವರ್ಷದಿಂದ ಮೈ ಮೇಲಿಂದ ಬಿಚ್ಚಿದ ಯಾವ ವಸ್ತು ಕೈಗೆ ಬಂದ್ರೂ ತಲೆಯನ್ನ ಕೇಳದೆ ಚೀಟಿ ಚುಚ್ಚೋ ಕೈ ಈ ಕೋಣೆಯಲ್ಲಿ ಒಂದೇ ಇದೆ." ಅವಳು ನನ್ನ ಕಡೆ ಕೈ ಚಾಚಿದಳು. "ಚೀಟಿಗೆ ಎರಡು ತುಂಡು. ಒಂದು ಬಟ್ಟೆಗೆ, ಒಂದು ಗಿರಾಕಿಗೆ. ಇದಕ್ಕೆ ಗಿರಾಕಿ ಇಲ್ಲ. ಇನ್ನೊಂದು ತುಂಡು ಕೊಡು."

ಅಂಗಿಯ ಜೇಬಿಗೆ ನನ್ನ ಕೈ ತಾನಾಗಿಯೇ ಹೋಯಿತು. ನಾಲ್ಕುನೂರ ಹದಿನೇಳು.

ವ್ಯಾನಿನವನ ಕೈಯಿಂದ ಬೆಡ್‌ಶೀಟು ಜಾರಿತು.

"ಮೇಲೆ, ಒಣಗಿಸೋ ಕೋಣೆಯಲ್ಲಿ," ಅಂದೆ. "ಇವತ್ತು ಬಿಸಿಗಾಳಿ ಹಾಕಿಲ್ಲ. ಕಿಟಕಿ ತೆರೆದಿದೆ. ನೀರು ಇಟ್ಟಿದೀನಿ."

ಗಾಜಿನವನು ಮೂರು ಮೆಟ್ಟಿಲಿಗೊಂದು ಹೆಜ್ಜೆ ಇಟ್ಟು ಹೋದ. ಇಳಿದು ಬಂದಾಗ ತೋಳಿನಲ್ಲಿ ಜಮಖಾನ. ನಿದ್ದೆಯಿಂದ ಎದ್ದು ಆಕಳಿಸುತ್ತಿತ್ತು. ಅವನು ನೆಲಕ್ಕೆ ಇಳಿಸಲಿಲ್ಲ. ಹಾಗೇ ಹಿಡಿದು ನಿಂತ. ಹಲ್ಲಿನವಳು ಅದರ ದವಡೆ ಬಿಡಿಸಿ, ನಾಲಗೆಯ ಬುಡಕ್ಕೆ ಮಾತ್ರೆ ಇಟ್ಟು, ಗಂಟಲು ಸವರಿದಳು. ಹನ್ನೆರಡಕ್ಕೆ ಐದು ನಿಮಿಷ ಇತ್ತು. ಅವನು ಹಿಡಿಯುವುದು, ಅವಳು ನುಂಗಿಸುವುದು. ಒಬ್ಬರಿಗೊಬ್ಬರು ಏನೂ ಹೇಳಬೇಕಾಗಲಿಲ್ಲ.

ಅದು ನುಂಗಿದ ಮೇಲೆ ಇಬ್ಬರೂ ನನ್ನ ಕಡೆ ತಿರುಗಿದರು.

"ಇನ್ನೂ ಮುಗಿದಿಲ್ಲ," ಚಿಕ್ಕಮ್ಮ ಅಂದಳು. ಅವಳು ಕಿರುಚುವವಳಲ್ಲ, ಅವಳ ಸಿಟ್ಟು ಸೂಜಿಯ ಹಾಗೆ ತೆಳ್ಳಗಿರುತ್ತದೆ. "ನಾನು ಹೊರಗೆ ನಿಂತು ನಿಮ್ಮಿಬ್ಬರ ಜಗಳ ಕೇಳಿದೆ. ಗಾಜಿನ ಕೆಲಸದವನು ಬೈದ್ರೆ ಗಾಜು, ಚೂರು, ಬಿರುಕು ಬರಬೇಕು. ಹಲ್ಲಿನ ಕೆಲಸದವಳು ಬೈದ್ರೆ ಹುಳುಕು, ದವಡೆ ಬರಬೇಕು. ಇಬ್ಬರೂ ಹೇಳಿ ಕಳಿಸಿದ ಬೈಗುಳದಲ್ಲಿ ಗಂಜಿ, ಸುಕ್ಕು, ಬಣ್ಣ ಬಿಡೋ ಬಟ್ಟೆ. ಇವೆಲ್ಲ ಒಂದೇ ಬಾಯಿಂದ ಬಂದಿದ್ದು. ಏನೋ, ಇವರು ನಿಜವಾಗಿ ಏನು ಹೇಳಿ ಕಳಿಸಿದ್ರು? ಅವರು ಹೇಳಿದ್ದಷ್ಟೇ ಹೇಳು. ಒಂದಕ್ಷರ ನಿನ್ನದು ಬೇಡ."

ನನ್ನ ನಾಲಗೆಗೆ ಅಭ್ಯಾಸವಿಲ್ಲದ ಕೆಲಸ ಅದು.

"ಬೈಗುಳ ಯಾವುದೂ ಇರಲಿಲ್ಲ," ಅಂದೆ. "ಚಳಿ ಶುರುವಾದಾಗ ಈ ಅಮ್ಮ ಹೇಳಿದ್ದು, ಕಿವಿ ಚೆನ್ನಾಗಿ ಒರೆಸಿ ಕಳಿಸಿದಾನೆ, ಥ್ಯಾಂಕ್ಸ್ ಹೇಳಿ ಅಂತ. ನಾನು ಹೇಳಿದ್ದು ಗಂಜಿ ಮಾತು. ಈ ಸಾಹೇಬ್ರು ಹೇಳಿದ್ದು, ಅವಳು ಕೆಲಸದಿಂದ ಬರೋದು ತಡವಾದ್ರೆ ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟಿರಲಿ ಅಂತ. ನಾನು ಹೇಳಿದ್ದು ಸುಕ್ಕಿನ ಮಾತು."

"ಮೂರು ವಾರದ ಹಿಂದೆ ನಾನು ಹೇಳಿದ್ದು?" ಗಾಜಿನವನು ಕೇಳಿದ. "ಅದನ್ನ ಹೇಳಿದ್ಯಾ?"

"ಇಲ್ಲ."

"ಈಗ ಹೇಳು."

ನಾನು ಹಲ್ಲಿನವಳ ಮುಖ ನೋಡಲಾಗದೆ ಅವಳ ಚಪ್ಪಲಿ ನೋಡಿದೆ. "ನಮ್ಮ ಮನೆಗೆ ಮೂರು ಮಹಡಿ ಮೆಟ್ಟಿಲು. ಎತ್ತಿಕೊಂಡೇ ಹೋಗ್ತೀನಿ, ಆದ್ರೂ ಅದಕ್ಕೆ ಏದುಸಿರು. ವಾರವಾರ ಮನೆ ಬದಲಾಯಿಸೋದು ಅದಕ್ಕಾಗ್ತಿಲ್ಲ. ಅವಳ ಹತ್ತಿರವೇ ಇರಲಿ. ನಾನು ಆಗಾಗ ಬಂದು ನೋಡಿಕೊಂಡು ಹೋಗಬಹುದಾ ಕೇಳಿ. ಅಷ್ಟು ಹೇಳಿದ್ರು."

"ನೀವು ನನಗೆ ಹೇಳಿದ್ದು," ಹಲ್ಲಿನವಳು ನಿಧಾನವಾಗಿ ಅಂದಳು, "ಇನ್ನು ನಾಯಿ ಅವಳ ಕಣ್ಣಿಗೆ ಬೀಳಲ್ಲ, ತಾಕತ್ತಿದ್ರೆ ತಡೀಲಿ ಅಂದ್ರು ಅಂತ. ಮೂರು ವಾರ ನಾನು ನಿದ್ದೆ ಮಾಡಿಲ್ಲ. ಅದಕ್ಕೇ ಇವತ್ತು ನಿಂತು ಮಾತಾಡೋಣ ಅಂತ ಬಂದೆ."

"ಗೊತ್ತು. ನೀವಿಬ್ಬರೂ ನಿಂತು ಮಾತಾಡಿದ್ರೆ ಎಲ್ಲ ಹೊರಗೆ ಬೀಳ್ತಿತ್ತು. ನಾಯಿ ಕಾಣದಿದ್ರೆ ಮಾತಿಗಿಂತ ಮೊದಲು ಜಗಳ ಆಗುತ್ತೆ ಅಂದ್ಕೊಂಡೆ. ನೀವು ಹೋದ ಮೇಲೆ, ಗಲ್ಲಿಯಲ್ಲಿ ಸಿಕ್ತು ಅಂತ ನಾನೇ ತಂದುಕೊಡೋನಿದ್ದೆ. ಮಾತ್ರೆ ನಾಯಿಯ ಚೀಲದಲ್ಲಿದೆ ಅಂತಾನೇ ತಿಳಿದಿದ್ದೆ."

"ಯಾಕಣ್ಣಾ?" ಅವಳು ಕೇಳಿದಳು. ಆ ಅಣ್ಣ ಅನ್ನುವ ಮಾತಿನಲ್ಲಿ ಪ್ರೀತಿಯ ಒಂದು ಎಳೆಯೂ ಇರಲಿಲ್ಲ. "ನಾವು ನಿಮಗೇನು ಮಾಡಿದ್ವಿ? ಒಂದೂವರೆ ವರ್ಷ. ಇವನ ಹೆಸರು ಕೇಳಿದ್ರೆ ನನ್ನ ಮೈ ಉರೀತಿತ್ತು. ನಾವು ಬೇರೆಯಾದಾಗ ಕೂಡ ಇಷ್ಟು ದ್ವೇಷ ಇರಲಿಲ್ಲ. ಅದನ್ನ ನೀವು ಕೂತು ಹೊಲಿದ್ರಾ?"

ನಾನು ಕೌಂಟರಿನ ಕಾಲಿಗೆ ಕಟ್ಟಿದ್ದ ಹಗ್ಗ ಬಿಚ್ಚಿ ಸುತ್ತತೊಡಗಿದೆ.

"ನೀವು ಚೆನ್ನಾಗಿ ಮಾತಾಡಿಕೊಂಡ್ರೆ ನಿಮ್ಮ ನಿಮ್ಮ ಮನೆ ಬಾಗಿಲಲ್ಲೇ ಕೊಟ್ಟು ತಗೋತೀರಿ," ಅಂದೆ. "ಇಲ್ಲಾ ಒಬ್ಬರ ಹತ್ತಿರವೇ ಬಿಡ್ತೀರಿ. ಆಮೇಲೆ ಅದು ಈ ಅಂಗಡಿಗೆ ಯಾಕೆ ಬರುತ್ತೆ? ವಾರಕ್ಕೊಂದ್ಸಲ ಅರ್ಧ ಗಂಟೆ ಅದು ನನ್ನದು. ಅರ್ಧ ಗಂಟೆ ನನ್ನ ಕಾಲ ಮೇಲೆ ತಲೆ ಇಟ್ಟು ನನ್ನನ್ನೇ ನೋಡ್ತಾ ಇರ್ತಿತ್ತು."

ಗಾಜಿನವನು ನಾಯಿಯನ್ನು ಒಂದೇ ತೋಳಿಗೆ ಬದಲಿಸಿಕೊಂಡ. ಕೊರಳಪಟ್ಟಿಯಿಂದ ಗುಂಡುಸೂಜಿ ಕಿತ್ತು, ಚೀಟಿಯನ್ನು ಹರಿದು ನನ್ನ ಮುಂದೆ ಹಾಕಿದ. ಹಲ್ಲಿನವಳು ಬಾಗಿಲು ಹಿಡಿದಳು. ಅವನು ನಾಯಿ ಹೊತ್ತು ಹೊರಟ — ಅವಳ ಮನೆಯ ದಿಕ್ಕಿಗೆ. ಫುಟ್‌ಪಾತಿನ ಬೆಡ್‌ಶೀಟುಗಳನ್ನು ಇಬ್ಬರೂ ಬಳಸಿ ಹೋಗಲಿಲ್ಲ, ತುಳಿದುಕೊಂಡೇ ಹೋದರು.

"ಅರ್ಧ ಗಂಟೆ?" ಚಿಕ್ಕಮ್ಮ ತಲೆಯೆತ್ತದೆ ಕೇಳಿದಳು.

"ಇಪ್ಪತ್ತು ನಿಮಿಷ," ಅಂದೆ. "ಬಿಚ್ಚಿಕೊಂಡು ಹೋಗೋಕೆ ಇಬ್ಬರೂ ಹತ್ತು ನಿಮಿಷ ಮೊದಲೇ ಬಂದುಬಿಡ್ತಿದ್ರು."

"ನಿನ್ನನ್ನೇ ನೋಡ್ತಾ ಇರ್ತಿತ್ತಾ?"

"ಇಲ್ಲ. ಬಾಗಿಲು ನೋಡ್ತಾ ಇರ್ತಿತ್ತು."